ತಲೆಯ ಮೇಲಿನ ಆಣೆ

ಸಿಂಧು, ತೇಜಸ್, ಇದು ನಿಮ್ಮಿಬ್ಬರಿಗಾಗಿ ಬರೆದದ್ದು. ತೇಜಸ್ ಕನ್ನಡ ಓದುವುದು ನಿಧಾನ, ಅಕ್ಕನ ಕೈಲಿ ಓದಿಸಿಕೊಳ್ಳಲಿ. ಬರುವ ತಿಂಗಳು ಸಿಂಧುವನ್ನು ನರ್ಸಿಂಗ್ ಕಾಲೇಜಿನವರು ಚಟ ಬಿಡಿಸುವ ವಾರ್ಡಿಗೆ ಹಾಕುತ್ತಾರೆಂದು ನಿಮ್ಮಮ್ಮ ಹೇಳಿದಳು. ಸಿಂಧು, ನೀನು ಫೋನು ಮಾಡಿ, "ಅಜ್ಜಿ, ನೀವು ಅಂಥಾ ಕಡೆನೇ ಅಲ್ವಾ ಕೆಲಸ ಮಾಡಿದ್ದು, ಹೆಂಗಿರತ್ತೆ ಅಲ್ಲಿ?" ಎಂದು ಕೇಳಿದೆ. ನಾನು ಎಲ್ಲಾ ಆಸ್ಪತ್ರೆಯ ಥರಾನೇ ಎಂದು ಹೇಳಿ ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ.

ನಾನು ಹೊಸಕೋಟೆ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಮೇಷ್ಟರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ, ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈ ವಯಸ್ಸಿನಲ್ಲೂ ಅದೇ ಬುದ್ಧಿ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೊಸ ತಿಪ್ಪಸಂದ್ರದಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಅವರು ಎದೆನೋವಿನಿಂದ ತೀರಿಕೊಂಡಾಗ ನಿಮ್ಮಮ್ಮ ಇನ್ನೂ ಹೈಸ್ಕೂಲಿನಲ್ಲಿದ್ದಳು. ಪಕ್ಕದ ಮನೆಯ ಸೆಲ್ವಿಯಕ್ಕ ಹಲಸೂರಿನ ಕೆರೆಯ ಹಿಂದಿನ ಬೀದಿಯಲ್ಲಿದ್ದ ಒಂದು ಚಟ ಬಿಡಿಸುವ ಕೇಂದ್ರದಲ್ಲಿ ಅಡುಗೆಗೆ ಹೋಗುತ್ತಿದ್ದಳು. ಹೆಂಗಸರ ವಾರ್ಡಿಗೆ ಆಯಾ ಬೇಕಂತೆ ಎಂದು ಕರೆದುಕೊಂಡು ಹೋದಳು. ನಾವೆಲ್ಲ ಅದನ್ನು ಸೆಂಟರ್ ಎಂದೇ ಕರೆಯುತ್ತಿದ್ದೆವು. ಅಲ್ಲಿ ಎಲ್ಲರಿಗೂ ನಾನು ಆಯಮ್ಮ. ರೋಗಿಗಳ ಕಡೆಯ ಹೆಂಗಸರು ನನ್ನನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ, ನಿಮ್ಮೆಜಮಾನರು ಕುಡಿಯುತ್ತಿದ್ದರಾ ಎಂಬುದು. ಇಲ್ಲ ಎಂದರೆ ನಂಬುತ್ತಿರಲಿಲ್ಲ. ಒಬ್ಬಾಕೆಯಂತೂ "ಪಾಪ, ಹೇಳ್ಕೊಳಕ್ಕೆ ನಾಚ್ಕೋತಾರೆ" ಎಂದು ನನ್ನ ಬೆನ್ನು ಸವರಿದಳು. ಕಾಫಿ ಎರಡನೇ ಲೋಟ ಕೊಟ್ಟರೂ ಬೇಡವೆನ್ನುತ್ತಿದ್ದ ನಿಮ್ಮ ತಾತನಿಗೆ ನನ್ನಿಂದ ಅಂಥ ಹೆಸರು ಬಂತು.

ಆಯಮ್ಮನ ಕೆಲಸವೆಂದರೆ ಕಸ ಗುಡಿಸುವುದು, ಹಾಸಿಗೆ ಬದಲಿಸುವುದು ಮಾತ್ರವಲ್ಲ. ಬಂದವರ ಚೀಲ ನೋಡಬೇಕು, ಸೀರೆಯ ಅಂಚು, ಚೂಡಿದಾರದ ಹೊಲಿಗೆ ತಡವಿ ನೋಡಬೇಕು. ಮೊದಲ ಕೆಲವು ದಿನ ಅವರಿಗೆ ಮೈಯೆಲ್ಲ ನಡುಗುತ್ತದೆ, ಬೆವರುತ್ತದೆ, ಹೊಟ್ಟೆ ತೊಳೆಸುತ್ತದೆ. ಆಗ ಪಕ್ಕದಲ್ಲಿ ಕೂರಬೇಕು. ಬೈದರೆ ಬೈಸಿಕೊಳ್ಳಬೇಕು. ತಲೆ ಸಿಕ್ಕಾಗಿದ್ದರೆ ಎಣ್ಣೆ ಹಚ್ಚಿ ಬಾಚಬೇಕು. ಜಡೆ ಹಾಕುವಾಗ ಹೆಂಗಸರು ಎಷ್ಟೋ ಮಾತು ಆಡುತ್ತಾರೆ, ಏಕೆಂದರೆ ಎದುರಿಗೆ ಮುಖ ಇರುವುದಿಲ್ಲ. ನಾನು ಹೆಚ್ಚು ಮಾತಾಡುವವಳಲ್ಲ, ಅದು ಅವರಿಗೆ ಅನುಕೂಲವಾಯಿತು.

ಸಿಂಧು, ಈಗ ಒಂದು ಎಳನೀರಿನ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗಿಯ ಚಿಕ್ಕಮ್ಮ ಗೇಟಿಗೆ ಬಂದು, ಹುಡುಗಿಗೆ ಹೊಟ್ಟೆ ಉರಿಯಂತೆ, ತಂಪಾಗಲಿ ಎಂದು ಒಂದು ಎಳನೀರು ಕೊಟ್ಟಳು. ಕೆತ್ತಿರದ ಇಡೀ ಬುರುಡೆ. ನಾನೇ ಅಡುಗೆ ಮನೆಗೆ ಒಯ್ದು ಸೆಲ್ವಿಯಕ್ಕನ ಕೈಲಿ ಕೊಚ್ಚಿಸಿ, ಸ್ಟ್ರಾ ಹಾಕಿ, ಹುಡುಗಿಯ ಕೈಗೆ ಕೊಟ್ಟೆ. ಅವಳು ಕುಡಿದು ಹಾಡಲು ಶುರುಮಾಡಿದಳು. ತೊಟ್ಟಿನ ಹತ್ತಿರ ಸೂಜಿ ಚುಚ್ಚಿ ಒಳಗೆ ಬ್ರಾಂದಿ ತುಂಬಿದ್ದರು.

ಸೆಂಟರನ್ನು ನಡೆಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಮೇಜರ್ ಸಾಹೇಬರು. ಬೆಂಗಳೂರಿನ ದಂಡು ಪ್ರದೇಶದಲ್ಲೇ ಹುಟ್ಟಿ ಬೆಳೆದವರು, ಮನೆಯ ಮಾತು ತಮಿಳು. ನನ್ನನ್ನು ಕರೆಸಿದಾಗ ಕೆಲಸ ಹೋಯಿತು ಎಂದುಕೊಂಡೆ. ಅವರು ಖಾಲಿ ಬುರುಡೆಯನ್ನು ನನ್ನ ಮುಂದೆ ಹಿಡಿದು, "ವಾಸನೆ ನೋಡಿ ಆಯಮ್ಮ" ಎಂದರು. ನೋಡಿದೆ. "ಗೊತ್ತಾಯ್ತಾ? ಸರಿ, ಹೋಗಿ" ಎಂದರು. ಅಷ್ಟೇ. ಅವತ್ತಿನಿಂದ ಎಷ್ಟೋ ದಿನ ಬೀದಿಯಲ್ಲಿ ಎಳನೀರು ಕುಡಿಯುವ ಮೊದಲು ಮೂಸಿ ನೋಡುತ್ತಿದ್ದೆ. ಗಾಡಿಯವನು, "ಅಮ್ಮಾ, ಅದು ಹೂವಲ್ಲ" ಎನ್ನುತ್ತಿದ್ದ.

ಮೇಜರ್ ಸಾಹೇಬರು ಒಳ್ಳೆಯವರು. ಅವರದೇ ಒಂದು ಪದ್ಧತಿ ಇತ್ತು. ಚಿಕಿತ್ಸೆ ಮುಗಿಸಿ ಮನೆಗೆ ಹೋಗುವ ದಿನ ಹಜಾರದಲ್ಲಿ ದೀಪ ಹಚ್ಚುತ್ತಿದ್ದರು. ಹಿಂದೂಗಳಿಗೆ ದೀಪ, ಕ್ರೈಸ್ತರಿಗೆ ಮೇಣದಬತ್ತಿ, ಮುಸ್ಲಿಮರು ಬಂದರೆ ಬರೀ ಊದುಬತ್ತಿ. ಹೊರಡುವವರು ತಮ್ಮ ತಾಯಿಯ ತಲೆಯ ಮೇಲೋ ಮಕ್ಕಳ ತಲೆಯ ಮೇಲೋ ಬಲಗೈ ಇಟ್ಟು, ಇನ್ನು ಮುಂದೆ ಮುಟ್ಟುವುದಿಲ್ಲ ಎಂದು ಆಣೆ ಮಾಡಬೇಕು. ಸೈನ್ಯದಲ್ಲಿ ಪ್ರಮಾಣ ಮಾಡದೆ ಯಾರೂ ಸಿಪಾಯಿ ಆಗುವುದಿಲ್ಲ ಎಂಬುದು ಅವರ ಮಾತು. ಕೈ ಇಟ್ಟವರೂ ಅಳುತ್ತಿದ್ದರು, ತಲೆ ಕೊಟ್ಟವರೂ ಅಳುತ್ತಿದ್ದರು. ಆರತಿ ತಟ್ಟೆ ಹಿಡಿದು ನಿಂತ ನನಗೂ ಕಣ್ಣು ತುಂಬುತ್ತಿತ್ತು. ಅದಕ್ಕಿಂತ ಒಳ್ಳೆಯ ದಿನ ಸೆಂಟರಿನಲ್ಲಿ ಇನ್ನೊಂದು ಇರಲಿಲ್ಲ.

ಆಮೇಲೆ ಕೌನ್ಸೆಲಿಂಗಿಗೆ ಶಬಾನಾ ಮೇಡಂ ಬಂದರು. ಶಿವಾಜಿನಗರದವರು. ಬಂದ ಮೇಲೆ ಹಳೆಯ ಕೆಲವು ಪದ್ಧತಿ ಬದಲಾದವು. ಗೇಟಿಗೆ ಹಗಲು ಹೊತ್ತು ಬೀಗ ಹಾಕುವುದು ನಿಂತಿತು. ರೋಗಿಯನ್ನು ಬಿಟ್ಟು ಮನೆಯವರನ್ನೇ ಕೂರಿಸಿಕೊಂಡು ಮಾತಾಡುವ ದಿನ ಬಂತು. ಆದರೆ ಆಣೆಯ ವಿಷಯದಲ್ಲಿ ಮೇಜರ್ ಸಾಹೇಬರು ಜಗ್ಗಲಿಲ್ಲ. ಮೇಡಂ ಸಾಹೇಬರ ಕೋಣೆಗೆ ಹೋಗಿ ವಾದ ಮಾಡಿ ಮುಖ ಕೆಂಪಗೆ ಮಾಡಿಕೊಂಡು ಬರುತ್ತಿದ್ದರು. ನಾನು ಇಬ್ಬರಿಗೂ ಟೀ ಕೊಡುತ್ತಿದ್ದೆ. ಯಾರದು ಸರಿ ಎಂದು ನನಗೆ ತಿಳಿಯುತ್ತಿರಲಿಲ್ಲ.

ಅದು ತಿಳಿದದ್ದು ಹರ್ಷಿತಾಳಿಂದ. ಅವಳ ಹೆಸರು ಅದಲ್ಲ, ನಾನು ಬದಲಾಯಿಸಿದ್ದೇನೆ.

ಮಹದೇವಪುರದ ಹಳೇ ಊರಿನವರು ಅವರು. ಒಂದು ಕಾಲಕ್ಕೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಹುಡುಗಿ ಬಿ.ಕಾಂ. ಮುಗಿಸಿ ಕೆ.ಆರ್. ಪುರದ ಹತ್ತಿರ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮಳೆಗಾಲದಲ್ಲಿ ರಿಂಗ್ ರೋಡಿನ ಮೇಲೆ ನೀರು ನಿಂತಾಗ ಗುಂಡಿ ಕಾಣದೆ ಸ್ಕೂಟರ್ ಸಮೇತ ಬಿದ್ದು ಕಾಲು ಮುರಿದುಕೊಂಡಳು. ಕಾಲು ಕೂಡಿಕೊಂಡಿತು, ನೋವಿನ ಮಾತ್ರೆ ಮಾತ್ರ ಬಿಡಲಿಲ್ಲ. ಎಲ್ಲೋ ಒಂದು ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುತ್ತಿದ್ದರು. ಮೊದಲ ಸಲ ಸೇರಿಸಲು ಬಂದಾಗ ಅವಳ ಅಪ್ಪ, "ನಮ್ ಹುಡ್ಗಿ ಅಂಥೋಳಲ್ಲ, ಮಾತ್ರೆ ಅಷ್ಟೆ" ಎಂದು ಎಲ್ಲರಿಗೂ, ಕೊನೆಗೆ ವಾಚ್‌ಮನ್‌ಗೂ ಹೇಳಿದರು. ತಾಯಿ ಮುನಿರತ್ನಮ್ಮ ಸೆರಗಿನಿಂದ ಮಗಳ ಬೆವರು ಒರೆಸುತ್ತಿದ್ದರು.

ಹುಡುಗಿ ಚೆನ್ನಾಗಿ ಚೇತರಿಸಿಕೊಂಡಳು. ಜಡೆ ಹಾಕುವಾಗ ನನ್ನ ಹತ್ತಿರ ಆಫೀಸಿನ ತಮಾಷೆಗಳನ್ನು ಹೇಳುತ್ತಿದ್ದಳು. ಹೊರಡುವ ದಿನ ದೀಪದ ಮುಂದೆ ತಾಯಿಯ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದಳು. ಬೇರೆಯವರ ಹಾಗೆ ಅವಳು ಅಳಲಿಲ್ಲ, ಬಹಳ ಗಂಭೀರವಾಗಿದ್ದಳು. ಡಾಕ್ಟರು ಮನೆಯವರನ್ನು ಪಕ್ಕಕ್ಕೆ ಕರೆದು ಒಂದು ಎಚ್ಚರಿಕೆ ಹೇಳಿದರು. ಬಿಟ್ಟು ಸ್ವಲ್ಪ ಕಾಲವಾದ ಮೇಲೆ ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ದೇಹ ತಡೆಯುವುದಿಲ್ಲ, ಮಲಗಿದ್ದಲ್ಲೇ ಉಸಿರು ನಿಲ್ಲಬಹುದು, ಹಾಗೇನಾದರೂ ಆದರೆ ತಡ ಮಾಡದೆ ಕರೆದುಕೊಂಡು ಬನ್ನಿ ಎಂದರು.

ಮೊದಲೆರಡು ಸಲ ತೋರಿಸಲು ಬಂದಳು. ಆಮೇಲೆ ಬರಲಿಲ್ಲ. ಶಬಾನಾ ಮೇಡಂ ಫೋನು ಮಾಡಿದರೆ ಮುನಿರತ್ನಮ್ಮ, ಚೆನ್ನಾಗಿದ್ದಾಳೆ, ಆಫೀಸಿಗೆ ಹೋಗಿದ್ದಾಳೆ ಎನ್ನುತ್ತಿದ್ದರು. ಯುಗಾದಿ ಕಳೆದು ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಆಕೆ ಒಬ್ಬರೇ ಬಂದರು. ಚೀಲದ ತುಂಬ ನುಗ್ಗೆಕಾಯಿ ತಂದಿದ್ದರು, ಮನೆಯ ಹಿಂದಿನ ಮರದ್ದಂತೆ. ಅದನ್ನು ನನ್ನ ಕೈಗೆ ಕೊಟ್ಟು ವರಾಂಡದ ಬೆಂಚಿನ ಮೇಲೆ ಕೂತರು. ಮೇಡಂ ಕರೆದರೆ, ನಾನು ಆಯಮ್ಮನನ್ನು ನೋಡಲು ಬಂದೆ ಎಂದರು. ನಾನೂ ಪಕ್ಕದಲ್ಲಿ ಕೂತು ನುಗ್ಗೆಕಾಯಿ ತುಂಡು ಮಾಡತೊಡಗಿದೆ. ಅರ್ಧ ಮುಗಿಯುವವರೆಗೂ ಆಕೆ ಒಂದೊಂದೇ ಕಾಯಿ ಎತ್ತಿ ಕೊಡುತ್ತಿದ್ದರು.

ಆಮೇಲೆ ಹೇಳಿದರು. ಹಬ್ಬಕ್ಕೆ ಒತ್ತುಶ್ಯಾವಿಗೆ ಮಾಡೋಣವೆಂದು ಅಟ್ಟದ ಮೇಲಿನ ಶ್ಯಾವಿಗೆ ಒರಳು ಇಳಿಸಿದರಂತೆ. ಹಿಟ್ಟು ತುಂಬುವ ಕೊಳವೆಯೊಳಗೆ ಮಾತ್ರೆಯ ಶೀಟುಗಳಿದ್ದವು. ಕೆಲವು ಖಾಲಿ, ಕೆಲವು ತುಂಬಿದ್ದವು. ಆಕೆ ಅವುಗಳನ್ನು ಹೇಗಿದ್ದವೋ ಹಾಗೇ ಒಳಗಿಟ್ಟು ಒರಳನ್ನು ಮತ್ತೆ ಅಟ್ಟಕ್ಕೆ ಏರಿಸಿದರು. ಈ ಸಲ ಶ್ಯಾವಿಗೆ ಯಾಕಿಲ್ಲ ಎಂದು ಅತ್ತೆ ಕೇಳಿದ್ದಕ್ಕೆ ಕೈ ನೋವು ಎಂದರು.

ತೆಗೆದು ಎಸೆಯಬಾರದಿತ್ತೇ ಎಂದು ನಾನು ಕೇಳಿದೆ.

"ಎಸದ್ರೆ ನಂಗೆ ಗೊತ್ತಾಯ್ತು ಅಂತ ಅವ್ಳಿಗೆ ಗೊತ್ತಾಗತ್ತೆ. ಗೊತ್ತಾದ್ರೆ ಆಣೆ ಮುರ್ದಂಗೆ ಅಲ್ವಾ ಆಯಮ್ಮ? ಬಾಯ್ಬಿಡೋವರ್ಗೂ ಏನೂ ಆಗಿಲ್ಲ ಅಂತಾನೇ ಲೆಕ್ಕ."

ಆಕೆಗೆ ತನ್ನ ಪ್ರಾಣದ ಭಯವಿರಲಿಲ್ಲ. ಆಣೆ ಮುರಿದದ್ದು ಹೊರಗೆ ಬಂದರೆ, ತಾಯಿಯನ್ನು ತಿಂದವಳು ಎಂಬ ಮಾತು ಮಗಳ ತಲೆಗೆ ಕಟ್ಟಿಕೊಳ್ಳುತ್ತದೆ, ಅದನ್ನು ಅವಳು ತಾಳುವುದಿಲ್ಲ ಎಂಬ ಭಯ. ಅದಕ್ಕೇ ಆಕೆ ಬಂದದ್ದು ಬೇರೆ ಒಂದು ಆಸೆ ಇಟ್ಟುಕೊಂಡು. ಹುಡುಗಿಗೆ ತಿಳಿಯದ ಹಾಗೆ ಸಾರಿನಲ್ಲಿ ಬೆರೆಸಿ ಕೊಡುವ ಮದ್ದು ಏನಾದರೂ ಇದೆಯೇ ಎಂದು ಕೇಳಿದರು.

ನಾನು ಆಕೆಯನ್ನು ಕೈ ಹಿಡಿದು ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮೇಡಂ ಬೈಯಲಿಲ್ಲ. ಅಂಥ ಮದ್ದಿಲ್ಲ, ಮೋಸದಿಂದ ಕೊಡುವ ಯಾವುದೂ ಈ ಕಾಯಿಲೆಗೆ ನಾಟುವುದಿಲ್ಲ ಎಂದರು. ಡಾಕ್ಟರು ಹೇಳಿದ್ದ ಉಸಿರಿನ ಮಾತನ್ನು ನೆನಪಿಸಿದರು. ಒಂದೊಂದು ದಿನವೂ ಅಪಾಯವೇ. ಹುಡುಗಿಗೆ ಇಪ್ಪತ್ತೆರಡು ತುಂಬಿತ್ತು, ಅವಳು ತಾನಾಗಿ ಒಪ್ಪಿ ಬರಬೇಕು, ಬಲವಂತವಾಗಿ ಎಳೆದು ತಂದರೆ ಮುಂದಿನ ವಾರ ಓಡಿ ಹೋಗುತ್ತಾಳೆ. ಯಾರಾದರೂ ಮನೆಗೆ ಹೋಗಿ ಮಾತಾಡಬೇಕು ಎಂದರು. ಮುನಿರತ್ನಮ್ಮನಿಗೆ ಬೀದಿಯ ಭಯ. ಗುರುತಿನ ಕಾರ್ಡು ಹಾಕಿದವರು ಬಂದರೆ ಬಾಡಿಗೆಯವರೆಲ್ಲ ಕಿಟಕಿಗೆ ಬರುತ್ತಾರೆ. ಕೊನೆಗೆ ಮೇಡಂ ನನ್ನ ಕಡೆ ತಿರುಗಿ, "ನೀವು ಅವರ ಊರಿನ ಕಡೆಯವರಲ್ವಾ ಆಯಮ್ಮ? ನೀವು ಹೋದ್ರೆ ನೆಂಟ್ರು" ಎಂದರು.

ನಾಲ್ಕು ಜನರ ಮುಂದೆ ನೀರು ಕೇಳಲೂ ಹಿಂಜರಿಯುವವಳು ನಾನು. ಆದರೆ ಆ ಹುಡುಗಿಯ ಜಡೆ ಹಾಕಿದವಳೂ ನಾನೇ. ಮೂವರೂ ಒಂದೇ ಆಟೋದಲ್ಲಿ ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಹೋದೆವು. ಮೇಡಂ ಬೀದಿಯ ತುದಿಯಲ್ಲಿ ಆಟೋದಲ್ಲೇ ಉಳಿದರು.

ಮನೆಯ ಬಾಗಿಲಲ್ಲೇ ಮುನಿರತ್ನಮ್ಮನ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾವ ಊರು, ಯಾರ ಪೈಕಿ ಎಂದು ಶುರು ಮಾಡಿದರು. ನನಗೆ ಸುಳ್ಳು ಹೇಳಲು ಬಾರದು, ನಮ್ಮ ಊರು, ನಮ್ಮಪ್ಪನ ಹೆಸರು, ನಮ್ಮ ತಾಯಿಯ ತವರು ಎಲ್ಲ ನಿಜವೇ ಹೇಳಿದೆ. ಅಜ್ಜಿ ಕಣ್ಣು ಮುಚ್ಚಿ ಲೆಕ್ಕ ಹಾಕಿ, "ಹಂಗಾರೆ ನೀನು ನಮ್ ದೊಡ್ ಮಾವನ ಸೊಸೆ ಕಡೆಯೋಳು. ಇಷ್ಟ್ ವರ್ಷ ಎಲ್ಲೇ ಸತ್ತಿದ್ದೆ?" ಎಂದರು. ಕಳ್ಳ ನೆಂಟಳಾಗಿ ಹೋದವಳು ನಿಜವಾದ ನೆಂಟಳಾದೆ.

ಹರ್ಷಿತಾ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಕೆಲಸ ಬಿಟ್ಟು ಬಹಳ ದಿನವಾಗಿತ್ತಂತೆ, ಆಫೀಸಿಗೆ ಹೋಗಿದ್ದಾಳೆ ಎಂದದ್ದೂ ಸುಳ್ಳೇ. ಕೂದಲು ಗಂಟುಗಂಟಾಗಿತ್ತು. ನನ್ನನ್ನು ನೋಡಿ ಎದ್ದು ಕೂತಳು. ನಾನು ಏನೂ ಕೇಳುವ ಮೊದಲೇ ತಾನೇ ಶುರುಮಾಡಿದಳು.

"ಆಯಮ್ಮ, ನಾನೇನೂ ತಗೊಂಡಿಲ್ಲ. ಅಮ್ಮ ಚೆನ್ನಾಗಿದಾರಲ್ಲ, ನೀವೇ ನೋಡಿ."

ನಾನು ಮಂಚದ ಮೇಲೆ ಕೂತು ಬಾಚಣಿಗೆ ತೆಗೆದುಕೊಂಡೆ. ಅವಳು ಬೆನ್ನು ತಿರುಗಿಸಿದಳು. ಗಂಟು ಬಿಡಿಸುತ್ತಾ ಹೋದೆ. ಎಷ್ಟೋ ಹೊತ್ತಿನ ಮೇಲೆ, ಹಿಂದಿನ ತಿಂಗಳು ಅಮ್ಮ ಅಡುಗೆ ಮನೆಯಲ್ಲಿ ತಲೆ ತಿರುಗಿ ಬಿದ್ದರು ಎಂದು ಹೇಳಿದಳು. ಅದಕ್ಕೆ ಸ್ವಲ್ಪ ದಿನ ಮೊದಲು ಕಾಲು ನೋವೆಂದು ಒಂದೇ ಒಂದು ಮಾತ್ರೆ ನುಂಗಿದ್ದಳಂತೆ. ಅಮ್ಮ ಬಿದ್ದಾಗ ಅಜ್ಜಿ, ಯಾರದೋ ಆಣೆ ತಟ್ಟಿದೆ ಎಂದು ಹಣೆಗೆ ಕುಂಕುಮ ಹಚ್ಚಿದರಂತೆ. ಆ ಮಾತು ಕೇಳಿದ ದಿನದಿಂದ ಒಂದು ಮಾತ್ರೆಗೆ ನಿಲ್ಲಲಿಲ್ಲ. ಹೇಳಿದರೆ ಅಮ್ಮ ಉಳಿಯುವುದಿಲ್ಲ, ಹೇಳದಿದ್ದರೆ ತಾನು ಉಳಿಯುವುದಿಲ್ಲ.

"ಸೆಂಟರ್‌ಗೆ ಬಂದ್ರೆ ಹೇಳ್ದಂಗೇ ಅಲ್ವಾ ಆಯಮ್ಮ? ನಾನ್ ಬರಲ್ಲ."

ಶಬಾನಾ ಮೇಡಂ ಇದ್ದಿದ್ದರೆ ಏನು ಹೇಳುತ್ತಿದ್ದರೋ ಎಂದು ಯೋಚಿಸುತ್ತಾ ಬಾಚುತ್ತಲೇ ಇದ್ದೆ. ಹಿಂದೆ ಏನೋ ಸದ್ದಾಯಿತು. ಮುನಿರತ್ನಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಆಕೆ ತಿರುಗಿ ಹೋದರು. ಅಟ್ಟಕ್ಕೆ ಏಣಿ ಹಾಕಿದ ಸದ್ದು, ಏನೋ ಭಾರವಾದದ್ದನ್ನು ಇಳಿಸಿದ ಸದ್ದು ಕೇಳಿತು. ಶ್ಯಾವಿಗೆ ಒರಳನ್ನು ಎರಡು ಕೈಯಲ್ಲಿ ಎತ್ತಿ ತಂದು ಮಗಳ ಮುಂದೆ ಇಟ್ಟರು. ಕೊಳವೆಯೊಳಗೆ ಕೈ ಹಾಕಿ ಶೀಟುಗಳನ್ನು ತೆಗೆದು ಮಂಚದ ಮೇಲೆ ಹರಡಿದರು.

"ಇದು ನಂಗೆ ಹಬ್ಬಕ್ಕೆ ಮುಂಚೇನೇ ಗೊತ್ತು. ನಾನು ಸತ್ನೇನೇ?"

ಹುಡುಗಿ ಶೀಟುಗಳನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ.

"ದಿನಾ ಮೂರ್ ಹೊತ್ತು ಮುದ್ದೆ ತಿಂತಿದೀನಿ. ಅವತ್ತು ಬಿದ್ದಿದ್ದು ಸಕ್ಕರೆ ಕಾಯಿಲೆಗೆ. ನಿಮ್ಮತ್ತೆ ಮನೆ ಸೀಮಂತದಲ್ಲಿ ಹೋಳಿಗೆ ತಿಂದು ಮಾತ್ರೆ ಬಿಟ್ಟಿದ್ದೆ. ಬೈತಾರೆ ಅಂತ ನಿಮ್ಮಪ್ಪಂಗೂ ಹೇಳ್ಲಿಲ್ಲ."

ಹುಡುಗಿಗೆ ಆಗ ಅಳು ಬಂತು. ಆದರೂ ಒಪ್ಪಲಿಲ್ಲ. ಇನ್ನೂ ಆಗಿಲ್ಲ ಅಷ್ಟೇ, ಮುಂದೆ ಆಗಬಹುದು, ಆಣೆ ಹಾಗೇ ಇದೆಯಲ್ಲ ಎಂದಳು. ಅವಳು ಓದಿದ ಹುಡುಗಿಯೇ, ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡುವವಳೇ. ಭಯಕ್ಕೆ ಅದು ಯಾವುದೂ ಲೆಕ್ಕಕ್ಕಿಲ್ಲ. ಅದನ್ನು ನೋಡಿ ನಗಬೇಡಿ ಮಕ್ಕಳೇ. ತಾಯಿಯ ತಲೆಯ ಮೇಲೆ ಕೈ ಇಡಿಸಿದವರು ನಾವೇ ಅಲ್ಲವೇ.

ಮುನಿರತ್ನಮ್ಮ ತಮ್ಮ ತುರುಬು ಬಿಚ್ಚಿದರು. ಬಚ್ಚಲಿಗೆ ಹೋಗಿ ಬಕೆಟ್ಟಿಗೆ ಬಿಸಿನೀರು ಬಿಟ್ಟು, ಮಣೆ ಹಾಕಿಕೊಂಡು, ಉಟ್ಟ ಸೀರೆಯಲ್ಲೇ ಕೂತರು. ಅಲ್ಲಿಂದಲೇ ಮಗಳನ್ನು ಕರೆದರು.

"ಬಾ ಇಲ್ಲಿ. ನೀನ್ ಎಲ್ಲಿ ಕೈ ಇಟ್ಟಿದ್ಯೋ ಅಲ್ಲಿ ನೀರ್ ಹಾಕು. ತೊಳ್ದುಬಿಡು ಅತ್ಲಾಗೆ."

ಇಂಥ ಶಾಸ್ತ್ರವನ್ನು ನಾನು ನಮ್ಮ ಕಡೆ ಎಲ್ಲೂ ಕಂಡಿಲ್ಲ, ಕೇಳಿಲ್ಲ. ದೇವರಿಗೆ ತಪ್ಪು ಕಾಣಿಕೆ ಕಟ್ಟುವುದು ಗೊತ್ತು, ತಲೆ ತೊಳೆದು ಆಣೆ ಇಳಿಸುವುದು ಗೊತ್ತಿಲ್ಲ. ಆಕೆ ಆ ಗಳಿಗೆಯಲ್ಲಿ ತಾನಾಗಿಯೇ ಕಟ್ಟಿದ ಶಾಸ್ತ್ರ ಅದು. ಹರ್ಷಿತಾ ಗೋಡೆ ಹಿಡಿದುಕೊಂಡು ಬಂದಳು. ಚೊಂಬು ಎತ್ತಿದರೆ ಅರ್ಧ ನೀರು ಹೊರಗೆ ಚೆಲ್ಲಿತು. ಮುನಿರತ್ನಮ್ಮ ತಲೆ ಬಗ್ಗಿಸಿಕೊಂಡು, ಇನ್ನೂ ಹಾಕು, ಇನ್ನೂ ಹಾಕು ಎನ್ನುತ್ತಿದ್ದರು. ಸೀಗೆಪುಡಿಯನ್ನೂ ಅವಳ ಕೈಯಲ್ಲೇ ಹಾಕಿಸಿ ಉಜ್ಜಿಸಿಕೊಂಡರು. ಬಕೆಟ್ ಖಾಲಿಯಾಗುವವರೆಗೂ ಬಿಡಲಿಲ್ಲ. ಹೊರಗಿನಿಂದ ಅಜ್ಜಿ, ಇವತ್ತು ಯಾವ ವಾರವೆಂದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದೀಯೇ ಎಂದು ಗೊಣಗುತ್ತಿದ್ದರು.

ನೀರು ಮುಗಿದ ಮೇಲೆ ಆಕೆ ಮುಖದ ಮೇಲಿನ ಕೂದಲು ಸರಿಸಿ ಮಗಳನ್ನು ನೋಡಿದರು. "ಹೋಯ್ತು. ಇನ್ನು ಹೇಳು."

"ತಗೊಂಡೆ ಅಮ್ಮಾ" ಎಂದಳು ಹುಡುಗಿ. "ತುಂಬಾ ತಗೊಂಡೆ."

"ಆಯ್ತು. ನಡಿ."

ಆಟೋದಲ್ಲಿ ಮುನಿರತ್ನಮ್ಮ ಒದ್ದೆ ತಲೆಗೆ ಟವೆಲ್ ಕಟ್ಟಿಕೊಂಡೇ ಕೂತಿದ್ದರು. ಶಬಾನಾ ಮೇಡಂ ಅದನ್ನು ನೋಡಿ, ಹುಡುಗಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು ನನ್ನನ್ನು ಡ್ರೈವರ್ ಪಕ್ಕಕ್ಕೆ ಕಳಿಸಿದರು. ಸೆಂಟರಿನ ಬಾಗಿಲಲ್ಲಿ ಸೆಲ್ವಿಯಕ್ಕ ನಿಂತಿದ್ದಳು. ಸಿಂಧು, ಇದನ್ನು ನೆನಪಿಟ್ಟುಕೋ. ಬಿಟ್ಟು ಹೋದವರು ತಿರುಗಿ ಬಂದಾಗ ಬಾಗಿಲಲ್ಲಿ 'ಮತ್ತೆ ಬಂದ್ಯಾ' ಎಂದು ಕೇಳುವವರೇ ಹೆಚ್ಚು. ಆ ಎರಡು ಮಾತು ಸಾಕು, ಅವರು ಹಿಂದಕ್ಕೆ ಹೋಗುತ್ತಾರೆ. ಸೆಲ್ವಿಯಕ್ಕ, "ಸಾಪಾಡು ಆಯ್ತಾಮ್ಮಾ? ಬಿಸಿ ಅನ್ನ ಇದೆ" ಎಂದಳು. ಹುಡುಗಿ ಒಳಗೆ ಬಂದಳು.

ಡಾಕ್ಟರು ನೋಡಿ ಸಕಾಲಕ್ಕೆ ಬಂದಿರಿ ಎಂದರು. ಆ ಸಲದ ಮೊದಲ ದಿನಗಳು ಹಿಂದಿನ ಸಲಕ್ಕಿಂತ ಕಷ್ಟವಾಗಿದ್ದವು. ಬೈದಳು, ತಟ್ಟೆ ಎಸೆದಳು. ಆದರೆ ಬಾಗಿಲ ಕಡೆ ಹೋಗಲಿಲ್ಲ.

ಮೇಜರ್ ಸಾಹೇಬರಿಗೆ ಮುನಿರತ್ನಮ್ಮ ತಾವೇ ಎಲ್ಲ ಹೇಳಿದರು. ನಾನು ಟೀ ತೆಗೆದುಕೊಂಡು ಹೋದಾಗ ಆಕೆ ಕೊನೆಯ ಮಾತು ಆಡುತ್ತಿದ್ದರು. "ಸ್ವಾಮಿ, ನಂಗಿರೋದು ಒಂದೇ ತಲೆ. ಅದ್ರ ಮೇಲೆ ಇನ್ನೊಂದ್ ಸಲ ಕೈ ಇಡಿಸ್ಬೇಡಿ." ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಸೈನ್ಯದಲ್ಲಿದ್ದಾಗ ತಮ್ಮ ಕೈಕೆಳಗಿನ ಒಬ್ಬ ಹುಡುಗ, ಪ್ರಮಾಣ ಮಾಡಿ ಮತ್ತೆ ಕುಡಿದದ್ದಕ್ಕೆ ನಾಚಿ ಊರಿಗೇ ಹೋಗದೆ ಉಳಿದದ್ದನ್ನು ಹೇಳಿದರು. ಅವನ ನೆನಪಾಗಲು ಇಷ್ಟು ವರ್ಷ ಬೇಕಾಯಿತು ಎಂದರು.

ಮುಂದಿನ ಬೀಳ್ಕೊಡುಗೆಯ ದಿನ ದೀಪ ಹಚ್ಚಿದರು. ಹೊರಡುವವಳ ತಾಯಿ ಅಭ್ಯಾಸದಂತೆ ತಲೆ ಬಗ್ಗಿಸಿ ನಿಂತಳು. ನಾನು ತಟ್ಟೆ ಹಿಡಿದು ಕಾದೆ. ಸಾಹೇಬರು "ಪಾಯಸ ಆಗಿದೆ, ಎಲ್ಲರೂ ಊಟ ಮಾಡ್ಕೊಂಡು ಹೋಗಿ" ಎಂದು ತಮ್ಮ ಕೋಣೆಗೆ ಹೋಗಿಬಿಟ್ಟರು. ಅಲ್ಲಿಗೆ ಆಣೆಯ ಪದ್ಧತಿ ಮುಗಿಯಿತು.

ಅದರ ಜಾಗಕ್ಕೆ ಶಬಾನಾ ಮೇಡಂ ಇನ್ನೊಂದನ್ನು ತಂದರು. ಮನೆಗೆ ಹೋಗುವ ಮೊದಲು, ಮತ್ತೆ ಜಾರಿದರೆ ಮೊದಲು ಯಾರಿಗೆ ಹೇಳುತ್ತೀಯ ಎಂದು ಕೇಳಿ, ಆ ಒಬ್ಬರನ್ನು ಕರೆಸಿ, ಎದುರುಬದುರು ಕೂರಿಸಿ ಅಭ್ಯಾಸ ಮಾಡಿಸುವುದು. ರೋಗಿ 'ತಗೊಂಡೆ' ಎನ್ನಬೇಕು. ಕೇಳಿದವರು ಬೈಯಬಾರದು, ಅಳಬಾರದು, ಎಲ್ಲಿದ್ದೀಯ ಎಂದು ಕೇಳಿ, ಬರುತ್ತೇನೆ ಎನ್ನಬೇಕು. ಮುನಿರತ್ನಮ್ಮನ ಸರದಿ ಬಂದಾಗ ಹರ್ಷಿತಾ 'ತಗೊಂಡೆ ಅಮ್ಮಾ' ಎನ್ನುತ್ತಿದ್ದಂತೆ ಆಕೆ, "ಅಯ್ಯೋ ಮನೆಹಾಳಿ, ಯಾವಾಗ್ಲೇ?" ಎಂದು ಎದ್ದೇ ನಿಂತರು. ಇದು ಬರೀ ಅಭ್ಯಾಸ ಎಂದು ಮೇಡಂ ಕೂರಿಸಿದರು. ಎರಡನೇ ಸಲ ಅತ್ತರು. ಆಮೇಲಿನ ಸಲ ನಗು ಬಂತು. ತಾಯಿ ಮಗಳು ಇಬ್ಬರೂ ನಕ್ಕು ನಕ್ಕು ಬೆಂಚಿನಿಂದ ಬೀಳುವ ಹಾಗಾದರು. ಮೇಡಂ ಕೈಚೆಲ್ಲಿ, ಸಾಕು, ಹೋಗಿ ಬನ್ನಿ ಎಂದರು.

ಒಂದು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿಯೇ ನಡೆಯಿತು. ಹುಡುಗಿಗೆ ಬೇರೆ ಕೆಲಸ ಸಿಕ್ಕಿತು. ಆಮೇಲೆ ಒಂದು ದಿನ ಸಂಜೆ ನಾನು ಮನೆಗೆ ಹೊರಡಲು ಚೀಲ ತೆಗೆದುಕೊಳ್ಳುತ್ತಿದ್ದಾಗ ಗೇಟಿನಲ್ಲಿ ಆಟೋ ನಿಂತಿತು. ಮುನಿರತ್ನಮ್ಮ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು ಇಳಿದರು. ಹಿಂದೆಯೇ ಹರ್ಷಿತಾ ಇಳಿದಳು. ಹಲ್ಲು ಕೀಳಿಸಿದಾಗ ಕೊಟ್ಟ ನೋವಿನ ಮಾತ್ರೆಯನ್ನು ಹೇಳಿದ್ದಕ್ಕಿಂತ ಹೆಚ್ಚು ನುಂಗಿದ್ದಳು. ನುಂಗಿದ ದಿನವೇ, ಕೆ.ಆರ್. ಪುರದ ಬಸ್ ಸ್ಟಾಪಿನಲ್ಲಿ ನಿಂತು ತಾಯಿಗೆ ಫೋನು ಮಾಡಿದಳು. ತಾಯಿ ಆಗ ನೆಂಟರ ಗೃಹಪ್ರವೇಶದಲ್ಲಿ ಊಟದ ಎಲೆಯ ಮುಂದೆ ಕೂತಿದ್ದರಂತೆ.

ಏನು ಹೇಳಿದಿರಿ ಎಂದು ಶಬಾನಾ ಮೇಡಂ ಕೇಳಿದರು.

"ನೀವ್ ಕಲ್ಸಿದ್ದೆಲ್ಲಾ ಮರ್ತೋಯ್ತು ಮೇಡಂ. 'ಅಲ್ಲೇ ಇರು, ಎಲೆ ಮುಂದಿಂದ ಎದ್ದೆ' ಅಂದೆ."

ಆ ಸಲ ಅವಳು ಒಳಗೆ ಇದ್ದದ್ದು ಕೆಲವೇ ದಿನ. ಅದಾದ ಮೇಲೆ ನಾನು ಕೆಲಸ ಬಿಡುವವರೆಗೂ ಅವಳು ಬಂದದ್ದು ತೋರಿಸಿಕೊಂಡು ಹೋಗಲು ಮಾತ್ರ. ಇನ್ನೆಂದೂ ಜಾರುವುದಿಲ್ಲವೆಂದು ನಾನು ಬರೆಯುವುದಿಲ್ಲ. ಅವಳೂ ಹಾಗೆ ಹೇಳುವುದಿಲ್ಲ. ಜಾರಿದರೆ ಅಮ್ಮನಿಗೆ ಫೋನು ಮಾಡುತ್ತಾಳೆ ಎಂಬುದು ಮಾತ್ರ ನನಗೆ ಗೊತ್ತು.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೋ ಹಿಡಿದು ಯಾರಿಗೂ ಕಳಿಸಬೇಡಿ. ತೇಜಸ್, ನಿನಗೇ ಹೇಳುತ್ತಿರುವುದು. ಹೆಸರು ಬದಲಾಯಿಸಿದ್ದರೂ ಆ ಬೀದಿಯವರು ಓದಿದರೆ ತಿಳಿದುಬಿಡುತ್ತದೆ. ಅದನ್ನು ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಆದರೆ ಬೀರುವಿನ ತಳಕ್ಕೂ ಹಾಕಬೇಡಿ, ಕೈಗೆ ಸಿಗುವ ಹಾಗಿರಲಿ. ಮುಂದೆ ನಿಮಗೋ ನಿಮ್ಮ ಮಕ್ಕಳಿಗೋ ಅಮ್ಮನ ಹತ್ತಿರ ಹೇಳಲಾಗದ ಮಾತೊಂದು ಬಂದ ದಿನ, ಇದನ್ನು ಮೊದಲು ಅವಳ ಕೈಗೆ ಕೊಟ್ಟು ಓದಲು ಹೇಳಿ. ಅವಳು ಓದಿ ಮುಗಿಸುವವರೆಗೆ ಪಕ್ಕದಲ್ಲೇ ಕೂತಿರಿ.